ಹತ್ತಿ ಮಿಲ್ಲಿನ ಖಾತೆ, ಎಂಬಿಎ ಪುಸ್ತಕ

ನಮ್ಮ ಕಲ್ಮಲದಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಮಾನ್ವಿ, ಸಿಂಧನೂರಿನ ಕಡೆಗೆ, ಇನ್ನೊಂದು ದೇವದುರ್ಗದ ಕಡೆಗೆ. ಸುಗ್ಗಿ ಬಂತೆಂದರೆ ಎರಡೂ ಕಡೆಯ ಹತ್ತಿ ನಮ್ಮೂರ ಮೇಲೆಯೇ ರಾಯಚೂರಿಗೆ ಹೋಗುತ್ತದೆ. ನಾನೂ ದಿನಾ ಅದೇ ದಾರಿಯಲ್ಲಿ ಬಸ್ಸಿಗೆ ಹೋಗಿ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಜೊತೆಗೆ ದೂರಶಿಕ್ಷಣದಲ್ಲಿ ಎಂಬಿಎ ಓದುತ್ತಿದ್ದೇನೆ. “ನೌಕ್ರಿ ಐತಿ, ಮಕ್ಳು ಅದಾವ, ಇನ್ಯಾಕವಾ ನಿನಗ ಈ ಓದು?” ಎಂದು ಅತ್ತಿ ಕೇಳಿದ್ದರು. ನೌಕರಿ ಇರುವುದರಿಂದಲೇ ಈ ಓದು ತಲೆಗೆ ಹತ್ತುತ್ತಿದೆ ಎಂಬುದು ನನ್ನ ಉತ್ತರ.

ದುಡಿಯುವ ಬಂಡವಾಳದ ಪಾಠವನ್ನು ಬಿಕಾಂನಲ್ಲಿ ಬಾಯಿಪಾಠ ಮಾಡಿ ಪಾಸಾಗಿದ್ದೆ. ಎಂಬಿಎಯಲ್ಲಿ ಅದೇ ಪಾಠ ಮತ್ತೆ ಬಂದಾಗ ಮಿಲ್ಲಿನ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ಕೂತೆ. ಒಂದು ಬೇಲ್ ಅರಳೆ 170 ಕೆ.ಜಿ. ತೂಗುತ್ತದೆ. ಕ್ವಿಂಟಲ್ ಹತ್ತಿ ಹಿಂಜಿದರೆ ಸುಮಾರು 34 ಕೆ.ಜಿ. ಅರಳೆ ಸಿಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಕಾಳು. ಅಂದರೆ ಒಂದು ಬೇಲಿಗೆ ಐದು ಕ್ವಿಂಟಲ್ ಹತ್ತಿ ಬೇಕು. ಕ್ವಿಂಟಲಿಗೆ 7,000 ರೂಪಾಯಿ ಹಿಡಿಯಿರಿ. ದಿನಕ್ಕೆ 100 ಬೇಲ್ ಕಟ್ಟುವ ಮಿಲ್ಲಿಗೆ ನಿತ್ಯ 35 ಲಕ್ಷದ ಹತ್ತಿ ಬೇಕಾಯಿತು. ರೈತರಿಗೆ ಅವತ್ತಿನ ರೊಕ್ಕ ಅವತ್ತೇ ಕೊಡಬೇಕು. ಕೊಯಮತ್ತೂರು ಕಡೆಯ ನೂಲಿನ ಗಿರಣಿಯಿಂದ ಅರಳೆಯ ಹಣ ಬರುವುದು ತಿಂಗಳಿಗೆ ಎಂದಿಟ್ಟುಕೊಳ್ಳಿ. ಕಾಳು ಮಾರಿದ ಹಣ ಬೇಗ ಕೈಗೆ ಬರುತ್ತದೆ, ಅದನ್ನು ಸದ್ಯ ಬದಿಗಿಟ್ಟರೆ ಮಿಲ್ಲಿನ 10.5 ಕೋಟಿ ರೂಪಾಯಿ ಸದಾ ಹೊರಗೇ ಇರುತ್ತದೆ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಇರುವುದು ಈ ಹೊಂಡ ತುಂಬಲಿಕ್ಕೆ. ಗಿರಣಿಯವರು ಐದು ದಿನ ಮೊದಲು ಹಣ ಕೊಟ್ಟರೆ 1.75 ಕೋಟಿ ಸಾಲ ಕಡಿಮೆ ಸಾಕು. ಶೇ 10ರ ಬಡ್ಡಿಯಲ್ಲಿ ತಿಂಗಳಿಗೆ 1.45 ಲಕ್ಷಕ್ಕೂ ಹೆಚ್ಚು ಉಳಿಯಿತು.

ಅರಳೆಯ ದರ ಹೇಳುವುದು ಖಂಡಿ ಲೆಕ್ಕದಲ್ಲಿ. ಒಂದು ಖಂಡಿ ಎಂದರೆ 356 ಕೆ.ಜಿ. ದರ 55,000 ರೂಪಾಯಿ ಇದ್ದಾಗ ಐದು ದಿನದ ಬಡ್ಡಿ ಖಂಡಿಗೆ 75 ರೂಪಾಯಿ. ಅದಕ್ಕಿಂತ ಕಡಿಮೆ ಸೋಡಿ ಬಿಟ್ಟು ಐದು ದಿನ ಮೊದಲೇ ಹಣ ತರಿಸಿಕೊಂಡರೆ ಮಿಲ್ಲಿಗೆ ಲಾಭ. ಇದನ್ನು ಚೀಟಿಯಲ್ಲಿ ಬರೆದು ಸಾವ್ಕಾರ್ರ ಮುಂದಿಟ್ಟೆ. ಅವರು ಎರಡು ಸಲ ಓದಿ ಚೀಟಿಯನ್ನು ಕಿಸೆಗೆ ಹಾಕಿಕೊಂಡರು. ಮರುದಿನ ಫೋನಿನಲ್ಲಿ ದಲಾಲರಿಗೆ, “ಐದು ದಿನ ಮೊದ್ಲ ರೊಕ್ಕ ಹಾಕಿದ್ರ ಖಂಡಿಗೆ ಐವತ್ತು ಬಿಡ್ತೀವಿ” ಅನ್ನುತ್ತಿದ್ದರು. ಬಿಕಾಂ ಮುಗಿಸಿ ನೇರವಾಗಿ ಎಂಬಿಎ ಸೇರಿದ್ದರೆ ಈ ಪಾಠ ನನಗೆ ಮತ್ತೊಂದು ಸೂತ್ರವಾಗಿ ಮಾತ್ರ ಉಳಿಯುತ್ತಿತ್ತು.

ದುಡಿಯುವವರಿಗೆ ಓದು ಕಲಿಸುವುದು ಹೊಸ ಮಾತೇನಲ್ಲ. ಷಿಕಾಗೊ ವಿಶ್ವವಿದ್ಯಾಲಯ 1943ರಲ್ಲೇ ಕೆಲಸದಲ್ಲಿದ್ದವರಿಗಾಗಿ ಎಂಬಿಎ ತೆರೆದಿತ್ತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಗ್ನೋ ಹುಟ್ಟಿದ್ದು 1985ರಲ್ಲಿ. ಬೆಂಗಳೂರಿನ ಐಐಎಂನಲ್ಲೂ ನೌಕರಿಯಲ್ಲಿ ಇರುವವರಿಗೆ ವಾರಾಂತ್ಯದ ಕೋರ್ಸ್ ಇದೆ, ಆದರೆ ಪ್ರತಿ ವಾರ ರಾಯಚೂರಿನಿಂದ ರಾತ್ರಿ ರೈಲು ಹತ್ತಿ ಹೋಗಿಬರುವ ಅನುಕೂಲ ನನ್ನಂಥವರಿಗಿಲ್ಲ. ನಮಗೆ ದೂರಶಿಕ್ಷಣವೇ ದಾರಿ.

ಈ ದಾರಿ ಹಿಡಿಯುವವರು ಮೊದಲು ಮಾನ್ಯತೆ ನೋಡಬೇಕು. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್, ಯಾವ ವರ್ಷಕ್ಕೆ ಅನುಮತಿ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೊ ತನ್ನ ಜಾಲತಾಣದಲ್ಲಿ ಹಾಕುತ್ತದೆ. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ ನಡುವೆ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ಆ ವರ್ಷಗಳಲ್ಲಿ ವಿದ್ಯಾರ್ಥಿಗಳು ಪಟ್ಟ ಸಂಕಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ದೂರಶಿಕ್ಷಣದ ಎಂಬಿಎಗೆ ಕನಿಷ್ಠ ಎರಡು ವರ್ಷ ಬೇಕೇ ಬೇಕು. ಒಂದೇ ವರ್ಷದಲ್ಲಿ ಕೊಡಿಸುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಇಂಗ್ಲಿಷು. ಕನ್ನಡದಲ್ಲಿ ಬಿಕಾಂ ಓದಿದವರಿಗೆ ಎಂಬಿಎ ಪುಸ್ತಕ ಮೊದಮೊದಲು ಗೋಡೆಯಂತೆ ಕಾಣುತ್ತದೆ. ನಾನು ಪ್ರತಿ ಅಧ್ಯಾಯದ ಸಾರವನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿ, ಮಿಲ್ಲಿನದೇ ಒಂದು ಉದಾಹರಣೆ ಸೇರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರೆದು ರೂಢಿ ಮಾಡಿಕೊಳ್ಳುತ್ತೇನೆ. ನಸುಕಿನಲ್ಲಿ, ಮಕ್ಕಳು ಏಳುವ ಮೊದಲು ಓದು. ಈಗ ಆ ಹೊತ್ತಿಗೆ ಒಲೆ ಹಚ್ಚುವವರು ಅತ್ತಿಯೇ.

ಹತ್ತಿ ಸುಗ್ಗಿಯ ನಡುವೆ ಪರೀಕ್ಷೆ ಬಿದ್ದರೆ ಮಾತ್ರ ಬಲು ಕಷ್ಟ. ಮಿಲ್ಲು, ಅಂಗಡಿ, ಸೊಸೈಟಿ ನಡೆಸುವ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಓದುತ್ತಿರುವ ಹುಡುಗ, ಹುಡುಗಿಯರು ಪರೀಕ್ಷೆ ವೇಳಾಪಟ್ಟಿ ತಂದು ತೋರಿಸಿದಾಗ ಅಷ್ಟು ದಿನದ ರಜೆ ಬರೆದುಕೊಡಿ, ಸಂಬಳ ಹಿಡಿಯಬೇಡಿ.