ಸುಣ್ಣ ಕಟ್ಟಿಹಾಕುವ ತಾಮ್ರ

ಮೇ ಕೊನೆಗೆ ಸವಣೂರು, ಕಾಣಿಯೂರು ಕಡೆಯ ಅಡಿಕೆ ತೋಟಗಳಲ್ಲಿ ಮದ್ದಿನ ಡ್ರಮ್ಮುಗಳು ನೀಲಿಯಾಗುತ್ತವೆ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಕೃಷಿಕರಿಗೆಲ್ಲ ಬಾಯಿಪಾಠ. ಆದರೆ ಆ ಸುಣ್ಣ ಮಾಡುವ ಕೆಲಸದ ಬಗ್ಗೆ ನಾವು ಮಾತಾಡುವುದು ತೀರ ಕಡಿಮೆ.

ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ನೀರಿಗೆ ಹಾಕಿದರೆ ಆ ತಾಮ್ರ ವಿದ್ಯುದಂಶವುಳ್ಳ ಅಯಾನುಗಳಾಗಿ ಬಿಡಿಯಾಗುತ್ತದೆ. ಬಿಡಿ ತಾಮ್ರ ಜೀವಕೋಶಕ್ಕೆ ನುಗ್ಗಿ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ರೋಗಾಣುವೋ ಎಳೆ ಅಡಿಕೆಯೋ ಎಂಬ ಭೇದ ಅದಕ್ಕಿಲ್ಲ. ಸುಣ್ಣ ಸೇರಿದೊಡನೆ ಅದೇ ತಾಮ್ರ ನೀರಿನಲ್ಲಿ ಕರಗದ ನೀಲಿ ಲೋಳೆಯಾಗುತ್ತದೆ. ತಾಮ್ರ ಒಂದು ಗ್ರಾಮೂ ಕಡಿಮೆಯಾಗಿಲ್ಲ, ಬೇರೆ ಕಟ್ಟಿನಲ್ಲಿ ಸಿಕ್ಕಿಕೊಂಡಿದೆ, ಅಷ್ಟೆ. ಗೊನೆಯ ಮೇಲೆ ಒಣಗಿ ಕೂತ ಈ ಲೇಪದಿಂದ ಮಳೆನೀರಿಗೆ ಇಳಿಯುವ ತಾಮ್ರ ಅತ್ಯಲ್ಪ. ಕೊಳೆರೋಗ ತರುವ ಫೈಟಾಫ್ತೊರಾಕ್ಕೆ ಅಷ್ಟೇ ಸಾಕು. ನೀರಿನ ಪೊರೆಯಲ್ಲಿ ಈಜಿ ಬರುವ ಅದರ ಬೀಜಕಣಗಳಿಗೆ ಕೋಶಭಿತ್ತಿಯ ರಕ್ಷಣೆಯೇ ಇರುವುದಿಲ್ಲ.

ಸುಣ್ಣ ಹಳತಾಗಿದ್ದರೆ ಬಿಡಿ ತಾಮ್ರ ಉಳಿಯುತ್ತದೆ. ಅದನ್ನು ಹಿಡಿಯುವ ಪರೀಕ್ಷೆ ಬಹಳ ಸುಂದರವಾದದ್ದು: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುವುದು. ಕಬ್ಬಿಣ ಕರಗಿ ತಾಮ್ರವನ್ನು ಹೊರದೂಡುವುದರಿಂದ ಅಲಗು ಕೆಂಪಾದರೆ ಸುಣ್ಣ ಸಾಲದು. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಹೇಳಿದ ಈ ಮದ್ದನ್ನು ಅಡಿಕೆಗೆ ಒಗ್ಗಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ಪುಸ್ತಿಕೆ ಬಂದದ್ದು 1910ರಲ್ಲಿ. ಅಡಿಕೆ ಬೆಳೆಗಾರರು ಅವರಿಗೆ ದೊಡ್ಡ ಋಣಿಗಳು.

ಡ್ರಮ್ಮಿನ ಪಕ್ಕದಲ್ಲಿ ಮದ್ದಿನ ಪಂಪು ಓಡಿಸುವ ಎಂಜಿನ್ನಿಗೂ ಇದೇ ಮಾತು ಅನ್ವಯಿಸುತ್ತದೆ: ಪರಮಾಣುಗಳು ಅವೇ ಆದರೂ ಕಟ್ಟು ಬೇರೆಯಾದರೆ ಗುಣವೂ ಬೇರೆ. ಪೆಟ್ರೋಲಿನ ಅಣುಗಳು ಚಿಕ್ಕವು. ಬೇಗ ಆವಿಯಾಗಿ ಗಾಳಿಯೊಡನೆ ಬೆರೆತು ಕಿಡಿಗೆ ಹೊತ್ತಿಕೊಳ್ಳುತ್ತವೆ. ಡೀಸೆಲಿನದು ಉದ್ದನೆಯ ಅಣುಗಳು. ಅಲ್ಲಿ ಕಿಡಿಯಿಲ್ಲ, ಗಾಳಿಯನ್ನು ಹದಿನೈದು-ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಅದು ಹೊತ್ತುತ್ತದೆ. ಹಾಗಾಗಿ ಡೀಸೆಲ್ ಎಂಜಿನ್ ಭಾರವಾದರೂ ಕಡಿಮೆ ಎಣ್ಣೆಯಲ್ಲಿ ಹೆಚ್ಚು ದುಡಿಯುತ್ತದೆ. ಹೊತ್ತು ತಿರುಗಲು ಪೆಟ್ರೋಲ್ ಎಂಜಿನ್ನೇ ಹಗುರ.

ಇವುಗಳ ವಿಷವೂ ಬೇರೆ ಬೇರೆ. ಗಾಳಿ ಸಾಲದೆ ಉರಿದ ಸಣ್ಣ ಪೆಟ್ರೋಲ್ ಎಂಜಿನ್ ಉಗುಳುವುದು ಬಣ್ಣ-ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್. ಕಾರ್ಬನ್ ಡೈಆಕ್ಸೈಡಿಗಿಂತ ಒಂದೇ ಒಂದು ಆಮ್ಲಜನಕ ಪರಮಾಣು ಕಡಿಮೆ, ಆದರೆ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಿಂದ ಬರುವುದು ಮಸಿ ಮತ್ತು ಸಾರಜನಕದ ಆಕ್ಸೈಡುಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿದ್ದು 2012ರಲ್ಲಿ. ಮಳೆ ಬಂತೆಂದು ಎಂಜಿನ್ನನ್ನು ಮುಚ್ಚಿದ ಕೊಟ್ಟಿಗೆಯೊಳಗೆ ಓಡಿಸುವುದು ಜೀವಕ್ಕೆ ಅಪಾಯ.

ಹೊಗೆ ಗಾಳಿಗೆ ಹಾರಿಹೋದೀತು, ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಅದು ಮೂಲಧಾತು, ಕೊಳೆತು ಇಲ್ಲವಾಗುವಂಥದ್ದಲ್ಲ. ವರ್ಷವರ್ಷವೂ ಬುಡದ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ನಮ್ಮ ಮುರಕಲ್ಲಿನ ಸೀಮೆಯ ಮಣ್ಣು ಹುಳಿ. ಹುಳಿ ಹೆಚ್ಚಿದಷ್ಟೂ ಸುಣ್ಣ ಕಟ್ಟಿಹಾಕಿದ ತಾಮ್ರ ಮತ್ತೆ ಬಿಡಿಯಾಗುತ್ತದೆ. ತೋಟದ ಮಣ್ಣಿಗೂ ಆಗಾಗ ಸುಣ್ಣ ಕೊಡಬೇಕಾದದ್ದು ಈ ಕಾರಣಕ್ಕೂ ಹೌದು. ಡ್ರಮ್ಮು ತೊಳೆದ ನೀರನ್ನು ಮಾತ್ರ ತೋಡಿಗೆ ಚೆಲ್ಲಬೇಡಿ. ಕರಗಿದ ತಾಮ್ರ ಮೊದಲು ಕೆಡಿಸುವುದು ಮೀನಿನ ಕಿವಿರುಗಳನ್ನು.