ಮಗನನ್ನು ಠಾಣೆಗೆ ಕರೆದೊಯ್ದಾಗ

ಅಪರಾತ್ರಿಯಲ್ಲಿ ಸದ್ಭಕ್ತರೊಬ್ಬರು ನಮ್ಮ ಬಾಗಿಲು ತಟ್ಟಿದರು. ಹದಿನಾರರ ಮಗ ಠಾಣೆಯಲ್ಲಿದ್ದ. ಅವರಿಗೆ ಅಂಜಿಕೆಗಿಂತ ನಾಚಿಕೆಯೇ ಹೆಚ್ಚು. ಯಾರಿಂದ ಶಿಫಾರಸು ಮಾಡಿಸಲೆಂದು ಕೇಳಿದರು. ಶಿಫಾರಸು ಬೇಡ, ಶಾಲೆಯ ಜನ್ಮದಿನಾಂಕ ಪತ್ರ ತನ್ನಿರೆಂದೆವು. ವಯಸ್ಸಿಗೆ ಅದೇ ಮೊದಲ ಆಧಾರ, ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವೂ ಆದೀತು.

2015ರ ಬಾಲನ್ಯಾಯ ಕಾಯಿದೆಯಂತೆ ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿಡಕೂಡದು, ಬೇಡಿ ತೊಡಿಸಕೂಡದು, ಯಾವ ಹೇಳಿಕೆಗೂ ಸಹಿ ಕೇಳಕೂಡದು. ಪ್ರಯಾಣದ ವೇಳೆಯನ್ನುಳಿದು 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸತಕ್ಕದ್ದು. ಜಾಮೀನು ಸಾಮಾನ್ಯ ನಿಯಮ, ನಿರಾಕರಣೆ ಅಪವಾದ. ನಿರಾಕರಿಸಿದರೆ ಮಂಡಳಿ ಕಾರಣ ಬರೆಯಬೇಕು. ವಕೀಲರ ನೆರವು ಉಚಿತವಾಗಿಯೇ ಲಭ್ಯ. ಹುಡುಗನ ಹೆಸರು, ಭಾವಚಿತ್ರ ಪತ್ರಿಕೆಯಲ್ಲಿ ಬರುವಂತಿಲ್ಲ ಎಂದಾಗ ತಂದೆ ತಲೆಯೆತ್ತಿದರು.

ಅಲ್ಲಿಂದ ನೇರವಾಗಿ ಮುಖ್ಯೋಪಾಧ್ಯಾಯರ ಮನೆಗೆ ಹೊರಟರು.