ಮೂರು ಪದ, ಒಂದು ಗಡಿಯಾರ

ವಾರ್ಧಕ್ಯದಲ್ಲಿ ಬುದ್ಧಿಶಕ್ತಿಯನ್ನು ಮೆಲ್ಲಮೆಲ್ಲನೆ ಕುಂದಿಸುವ ಡಿಮೆನ್ಷಿಯವೆಂಬ ವ್ಯಾಧಿಯ ಸುಳಿವನ್ನು ಮೊದಲಲ್ಲಿಯೇ ಹಿಡಿಯುವುದಕ್ಕಾಗಿ ಮನೆವೈದ್ಯರು ಬಳಸಬಹುದಾದ ಸಾಧನಗಳಲ್ಲಿ, ಹಾಳೆ ಲೇಖನಿಗಳ ಹೊರತು ಬೇರೇನನ್ನೂ ಬೇಡದ ಮಿನಿ-ಕಾಗ್ ಪರೀಕ್ಷೆ ಬಹು ಸರಳವಾದುದು. ಅಮೆರಿಕದ ಸಿಯಾಟಲ್ ನಗರದ ವೈದ್ಯೆ ಸೂ ಬೋರ್ಸನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು 2000ದಲ್ಲಿ ಪ್ರಕಟಿಸಿದರು. ವೈದ್ಯರು ಪರಸ್ಪರ ಸಂಬಂಧವಿಲ್ಲದ ಮೂರು ಪದಗಳನ್ನು ಹೇಳಿಕೊಟ್ಟು, ಗಡಿಯಾರವೊಂದನ್ನು ಬರೆಯಿಸಿ, ಅನಂತರ ಆ ಪದಗಳನ್ನು ಮರಳಿ ಕೇಳುತ್ತಾರೆ. ನೆನಪಾದ ಪ್ರತಿಯೊಂದು ಪದಕ್ಕೂ 1 ಅಂಕ, ಸರಿಯಾದ ಗಡಿಯಾರಕ್ಕೆ 2. ಒಟ್ಟು 5ರಲ್ಲಿ 3ಕ್ಕಿಂತ ಕಡಮೆ ಬಂದವರಿಗೆ ಹೆಚ್ಚಿನ ತಪಾಸಣೆ ಬೇಕು. ಇಷ್ಟಕ್ಕೆ ಹಿಡಿಯುವ ಕಾಲ ಸುಮಾರು 3 ನಿಮಿಷ.

ಇದರಲ್ಲಿ ಗಡಿಯಾರದ ಪಾತ್ರ ನಿಜಕ್ಕೂ ವಿಸ್ಮಯಕರವಾದುದು. ಚಿತ್ರ ಬರೆಯುವುದರಲ್ಲಿ ಮನಸ್ಸು ಮಗ್ನವಾಗಿರುವಾಗ ಆ ಪದಗಳನ್ನು ಒಳಗೊಳಗೇ ಜಪಿಸಿಕೊಳ್ಳುವುದಕ್ಕೆ ಅವಕಾಶವಿಲ್ಲದಿರುವುದರಿಂದ, ಕಡೆಯಲ್ಲಿ ದೊರೆಯುವ ಉತ್ತರ ನಾಲಗೆಯ ತುದಿಯದಲ್ಲ, ಸ್ಮೃತಿಯದೇ. ಮುಳ್ಳುಗಳನ್ನು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿರೆಂದು ಕೇಳುವುದರಲ್ಲಿಯೂ ಒಂದು ಮರ್ಮವುಂಟು: ಹತ್ತೆಂಬ ಮಾತು ಕಿವಿಗೆ ಬಿದ್ದೊಡನೆಯೇ ಕಣ್ಣೆದುರಿನ 10ರ ಕಡೆಗೆ ವಾಲುವ ಕೈಯನ್ನು ತಡೆದು, ಹತ್ತು ನಿಮಿಷದ ಸ್ಥಾನ 2ರಲ್ಲಿದೆಯೆಂದು ನಿರ್ಣಯಿಸುವ ಸಂಯಮ ಮಿದುಳಿನ ಮುಂಭಾಗದ ಕಾರ್ಯವಾದುದರಿಂದ, ಆ ಭಾಗ ಬಳಲಿದವರು ಎಷ್ಟೋ ವೇಳೆ ಮುಳ್ಳನ್ನು 10ಕ್ಕೇ ತಿರುಗಿಸಿಬಿಡುತ್ತಾರೆ.

ಆದರೆ ಬಾಳಿನಲ್ಲಿ ಲೇಖನಿಯನ್ನೇ ಹಿಡಿಯದ ಹಳ್ಳಿಯ ಮುದುಕಿಯ ಮುಂದೆ ಈ ಹಾಳೆಯನ್ನಿಟ್ಟು ಅಂಕ ಹಾಕುವುದು ಅನ್ಯಾಯ. 1975ರಲ್ಲಿ ಫೋಲ್‌ಸ್ಟೀನ್ ದಂಪತಿಗಳೂ ಮೆಕ್‌ಹ್ಯೂ ಅವರೂ ಪ್ರಕಟಿಸಿದ 30 ಅಂಕಗಳ ಪರೀಕ್ಷೆಗೂ ಇದೇ ದೋಷವಿದ್ದುದರಿಂದ, ಹರಿಯಾಣದ ಬಲ್ಲಭಗಢದಲ್ಲಿ ಅಧ್ಯಯನ ನಡೆಸಿದ ವಿದ್ವಾಂಸರು 1995ರಲ್ಲಿ ಅದರ ಹಿಂದೀ ರೂಪವನ್ನು ಪ್ರಕಟಿಸಿದಾಗ, ವಾಕ್ಯ ಬರೆಯುವುದಕ್ಕೆ ಬದಲಾಗಿ ತಮ್ಮ ಮನೆಯ ವಿಷಯವನ್ನು ಹೇಳುವಂತೆ ಕೇಳಿದರು. ಇದು ರಿಯಾಯಿತಿಯಲ್ಲ, ಶುದ್ಧ ವಿಜ್ಞಾನ. ಅಳೆಯಬೇಕಾದುದು ಶಾಲೆಯನ್ನಲ್ಲ, ಮಿದುಳನ್ನು.

ಅಂಕ ಕಡಮೆಯಾದೊಡನೆ ರೋಗದ ಹೆಸರನ್ನು ಉಚ್ಚರಿಸುವುದೂ ತಪ್ಪು. ಸಾವಿರ ವೃದ್ಧರಲ್ಲಿ 50 ಮಂದಿಗೆ ರೋಗವಿದೆಯೆಂದೂ, ಪರೀಕ್ಷೆ ರೋಗಿಗಳಲ್ಲಿ ನೂರಕ್ಕೆ 80 ಮಂದಿಯನ್ನು ಗುರುತಿಸಿ ನಿರೋಗಿಗಳಲ್ಲಿ ನೂರಕ್ಕೆ 10 ಮಂದಿಯನ್ನು ತಪ್ಪಾಗಿ ಶಂಕಿಸುವುದೆಂದೂ ಭಾವಿಸಿದರೆ, ಸಿಕ್ಕಿಬೀಳುವ 135 ಮಂದಿಯಲ್ಲಿ 95 ಮಂದಿ ನಿರೋಗಿಗಳು! ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ ಇವೆಲ್ಲವೂ ಮರೆವಿನ ವೇಷವನ್ನು ತಾಳಬಲ್ಲವು. ಕಿವಿ ಮಂದವಾದವರಿಗಂತೂ ಆ ಮೂರು ಪದಗಳು ಮೊದಲಿಗೇ ಕೇಳಿಸಿರುವುದಿಲ್ಲ. ಆದಕಾರಣ ರಕ್ತಪರೀಕ್ಷೆಯೊಂದಿಗೆ, ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ಕುಳ್ಳಿರಿಸಿಕೊಂಡು, ಕೆಲವು ವರ್ಷಗಳ ಹಿಂದಿಗೆ ಹೋಲಿಸಿದರೆ ಇವರು ಹಣದ ವ್ಯವಹಾರವನ್ನೂ ಮಾತ್ರೆಗಳ ಹೊತ್ತನ್ನೂ ಮೊನ್ನೆಮೊನ್ನೆ ಆಡಿದ ಮಾತನ್ನೂ ಹೇಗೆ ನಿಭಾಯಿಸುತ್ತಿದ್ದಾರೆಂದು ವೈದ್ಯರು ಸಾವಧಾನವಾಗಿ ವಿಚಾರಿಸತಕ್ಕದ್ದು.